ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಯಾವ ಸ್ಟ್ಯಾಂಡರ್ಡ್ ಲೆನ್ಸ್?

ರೇಂಜ್‌ಫೈಂಡರ್ ಕ್ಯಾಮೆರಾ ಕೈಗೆ ಬಂದ ಹೊಸತರಲ್ಲಿ ಲೆನ್ಸಿನ ಮುಚ್ಚಳ ತೆಗೆಯದೆ ಅರ್ಧ ರೀಲು ಮುಗಿಸಿದವರಲ್ಲಿ ನಾನೂ ಒಬ್ಬ. ವ್ಯೂಫೈಂಡರಿನಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು, ಫೋಕಸ್ ಕೂಡಿಬರುತ್ತಿತ್ತು, ಶಟರಿನ ಸದ್ದೂ ಸರಿಯಾಗಿತ್ತು. ಡೆವಲಪ್ ಆಗಿ ಬಂದ ಫಿಲ್ಮಿನ ಮೊದಲ ಅರ್ಧ ಮಾತ್ರ ಖಾಲಿಯಿತ್ತು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಈ ತಪ್ಪು ಆಗುವಂತೆಯೇ ಇಲ್ಲ, ಏಕೆಂದರೆ ಅಲ್ಲಿ ನಾವು ನೋಡುವುದೇ ಲೆನ್ಸಿನ ಮೂಲಕ. ರೇಂಜ್‌ಫೈಂಡರಿನಲ್ಲಿ ನೋಟಕ್ಕೆ ಬೇರೆಯೇ ಕಿಟಕಿಯಿದೆ, ಅದರಲ್ಲಿ ಕಾಣುವ ಜೋಡಿ ಬಿಂಬಗಳನ್ನು ಒಂದರ ಮೇಲೊಂದು ಕೂರಿಸಿ ಫೋಕಸ್ ಮಾಡುತ್ತೇವೆ. ಲೆನ್ಸ್ ಏನು ನೋಡುತ್ತಿದೆ ಎಂಬುದು ಫಿಲ್ಮ್ ತೊಳೆಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಸ್ಟ್ಯಾಂಡರ್ಡ್ ಲೆನ್ಸ್, ಅಂದರೆ ಕ್ಯಾಮೆರಾದ ಮೇಲೆ ದಿನನಿತ್ಯ ಇರುವ ಸಾಮಾನ್ಯ ಲೆನ್ಸ್, ಆರಿಸುವಾಗ ಮೊದಲು ನೆನಪಿಡಬೇಕಾದ ಸಂಗತಿ ಇದೇ. ಇಲ್ಲಿ ಲೆನ್ಸನ್ನು ಅದರ ಗಾಜಿನ ಗುಣವೊಂದನ್ನೇ ನೋಡಿ ಆರಿಸಲಾಗದು. ನಮ್ಮಲ್ಲಿರುವ ಕ್ಯಾಮೆರಾದ ಕಿಟಕಿಯೊಂದಿಗೆ ಮತ್ತು ಅದರ ದೂರ ಅಳೆಯುವ ಯಂತ್ರದೊಂದಿಗೆ ಅದು ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ನೋಡಿಯೇ ಆರಿಸಬೇಕು.

ಸ್ಟ್ಯಾಂಡರ್ಡ್ ಎಂದರೆ ಎಷ್ಟು ಮಿಲಿಮೀಟರ್ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಲೈಕಾ ಕ್ಯಾಮೆರಾಗಳನ್ನು ತಯಾರಿಸಿದ ಜರ್ಮನಿಯ ಲೈಟ್ಸ್ ಕಂಪನಿಯಲ್ಲಿದ್ದ ಓಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮಿನ 18×24 ಮಿ.ಮೀ. ಚೌಕಟ್ಟನ್ನು ಎರಡರಷ್ಟು ಮಾಡಿ 24×36 ಮಿ.ಮೀ. ಚೌಕಟ್ಟನ್ನು ರೂಪಿಸಿದರು, ಮಾಕ್ಸ್ ಬೆರೆಕ್ ಅದಕ್ಕೆ 50 ಮಿ.ಮೀ. ಸಂಗಮದೂರದ (ಫೋಕಲ್ ಲೆಂತ್) ಲೆನ್ಸ್ ವಿನ್ಯಾಸ ಮಾಡಿದರು, ಮತ್ತು 1925ರಲ್ಲಿ ಲೈಪ್‌ಝಿಗ್ ಮೇಳದಲ್ಲಿ ಲೈಕಾ ಹೊರಬಂದಾಗ ಅದರ ಮೇಲಿದ್ದದ್ದು ಆ ಲೆನ್ಸೇ. ಚೌಕಟ್ಟಿನ ಕರ್ಣದ ಉದ್ದಕ್ಕೆ ಸಮನಾದ ಸಂಗಮದೂರವನ್ನು ಸ್ಟ್ಯಾಂಡರ್ಡ್ ಎನ್ನಬೇಕು ಎಂಬ ಹಳೆಯ ಲೆಕ್ಕದ ಪ್ರಕಾರ 24×36ರ ಕರ್ಣ 43.3 ಮಿ.ಮೀ. ಆಗುತ್ತದೆ, ಅಂದರೆ 50 ಎಂಬುದು ಸ್ವಲ್ಪ ಉದ್ದ, 40 ಎಂಬುದು ಸ್ವಲ್ಪ ಗಿಡ್ಡ. ರೂಢಿಯಲ್ಲಿ 50 ಉಳಿಯಿತು. ಅಡ್ಡಕ್ಕೆ ಹಿಡಿದಾಗ 50 ಮಿ.ಮೀ. ಲೆನ್ಸ್ ಸುಮಾರು 40 ಡಿಗ್ರಿ, 40 ಮಿ.ಮೀ. ಸುಮಾರು 48 ಡಿಗ್ರಿ, 35 ಮಿ.ಮೀ. ಸುಮಾರು 54 ಡಿಗ್ರಿ ಅಗಲದ ನೋಟವನ್ನು ಕೊಡುತ್ತವೆ. ಮೂರು ಮೀಟರ್ ದೂರದಲ್ಲಿ ನಿಂತರೆ 50ರಲ್ಲಿ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ ಸಿಗುತ್ತದೆ, 35ರಲ್ಲಿ ಮೂರು ಮೀಟರ್ ಸಿಗುತ್ತದೆ. ನಡುಮನೆಯಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತವರಿಗೆ ಈ ಒಂದು ಮೀಟರ್ ಬಹಳ ದೊಡ್ಡದು, ರಸ್ತೆಯ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯಬಲ್ಲವರಿಗೆ ಅದು ಏನೂ ಅಲ್ಲ. ಫ್ರಾನ್ಸಿನ ಛಾಯಾಗ್ರಾಹಕ ಹಾನ್ರಿ ಕಾರ್ತಿಯೆ ಬ್ರೆಸ್ಸೋ ತಮ್ಮ ಜೀವಮಾನದ ಬಹುಪಾಲು ಕೆಲಸವನ್ನು 50 ಮಿ.ಮೀ. ಲೆನ್ಸಿನಲ್ಲೇ ಮಾಡಿದರು, ಗಾಂಧೀಜಿಯವರ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ 1948ರ ಜನವರಿ, ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಸೆರೆಹಿಡಿದದ್ದು ಇದೇ ಪುಟ್ಟ ಲೈಕಾ ಕ್ಯಾಮೆರಾ ಹಿಡಿದು. ಹಾಗೆಂದು 50 ತಾನಾಗಿ ಶ್ರೇಷ್ಠವಾಗುವುದಿಲ್ಲ. ಅವರ ಕಾಲುಗಳು ಆ ದೂರಕ್ಕೆ ಪಳಗಿದ್ದವು.

ಈಗ ಕಿಟಕಿಯ ವಿಚಾರಕ್ಕೆ ಬರೋಣ. ರೇಂಜ್‌ಫೈಂಡರಿನ ವ್ಯೂಫೈಂಡರ್ ಲೆನ್ಸ್ ಬದಲಾದರೂ ಬದಲಾಗುವುದಿಲ್ಲ. ಅದರೊಳಗೆ ತೇಲುವ ಚೌಕಟ್ಟಿನ ಗೆರೆಗಳು ಮಾತ್ರ ಬದಲಾಗುತ್ತವೆ. 1954ರ ಲೈಕಾ ಎಂ3ರ ಕಿಟಕಿ ದೃಶ್ಯವನ್ನು 0.91 ಪಟ್ಟು ಗಾತ್ರದಲ್ಲಿ ತೋರಿಸುತ್ತದೆ, ಅಂದರೆ ಬರಿಗಣ್ಣಿಗೆ ಕಾಣುವುದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡೂ ಕಣ್ಣು ತೆರೆದು ನೋಡಿದರೆ ಲೋಕದ ಮೇಲೆಯೇ ಯಾರೋ ಒಂದು ಚೌಕ ಬರೆದಂತೆ ಕಾಣುತ್ತದೆ. ಅದರಲ್ಲಿರುವುದು 50, 90 ಮತ್ತು 135 ಮಿ.ಮೀ.ಗಳ ಗೆರೆಗಳು ಮಾತ್ರ. ಎಂ3ಕ್ಕೆ ಸ್ಟ್ಯಾಂಡರ್ಡ್ ಲೆನ್ಸ್ ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ ಕ್ಯಾಮೆರಾವನ್ನು ಕಟ್ಟಿದ್ದೇ 50ರ ಸುತ್ತ. 1984ರಲ್ಲಿ ಬಂದ ಎಂ6ರ ಸಾಮಾನ್ಯ ಮಾದರಿಯ ಕಿಟಕಿ 0.72 ಪಟ್ಟಿನದು. ಅದರಲ್ಲಿ 28ರಿಂದ 135ರವರೆಗಿನ ಗೆರೆಗಳು ಜೋಡಿಜೋಡಿಯಾಗಿ ಮೂಡುತ್ತವೆ, 35 ಆರಾಮವಾಗಿ ಕೂರುತ್ತದೆ, 50ರ ಚೌಕಟ್ಟು ಮಾತ್ರ ಕಿಟಕಿಯ ನಡುವೆ ಸಣ್ಣದಾಗಿ ನಿಲ್ಲುತ್ತದೆ. ಈ ಸಣ್ಣತನವನ್ನು ದೋಷವೆಂದು ಕೆಲವರು ಹೇಳುತ್ತಾರೆ. ಚೌಕಟ್ಟಿನ ಹೊರಗಿನಿಂದ ಒಳಗೆ ನಡೆದು ಬರುವವರನ್ನು ಮೊದಲೇ ಕಾಣಬಹುದೆಂಬ ಕಾರಣಕ್ಕೆ ನನಗೆ ಅದು ಲಾಭವೆಂದೇ ತೋರಿದೆ. ಕನ್ನಡಕ ಹಾಕುವವರಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ. ಕನ್ನಡಕದ ಗಾಜು ಕಣ್ಣನ್ನು ಕಿಟಕಿಯಿಂದ ದೂರವಿಡುವುದರಿಂದ ಅಂಚಿನ ಗೆರೆಗಳು ಮರೆಯಾಗುತ್ತವೆ, 0.72ರ ಕಿಟಕಿಯಲ್ಲಿ 28ರ ಗೆರೆಗಳನ್ನು ಒಮ್ಮೆಗೇ ನೋಡುವುದು ಅವರಿಗೆ ಬಹುತೇಕ ಅಸಾಧ್ಯ, 35 ಕಷ್ಟದಿಂದ ಸಾಧ್ಯ, 50 ಸಲೀಸು.

ಗೆರೆಗಳನ್ನು ಅಕ್ಷರಶಃ ನಂಬಬೇಡಿ ಎಂಬ ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಲೆನ್ಸನ್ನು ಹತ್ತಿರಕ್ಕೆ ಫೋಕಸ್ ಮಾಡಿದಾಗ ಅದರ ನೋಟ ಸ್ವಲ್ಪ ಕಿರಿದಾಗುತ್ತದೆ, ಆದರೆ ಗೆರೆಗಳ ಗಾತ್ರ ಬದಲಾಗುವುದಿಲ್ಲ. ಅವು ಓರೆಯಾಗಿ ಜರುಗುತ್ತವೆ, ಅಷ್ಟೇ. ತಯಾರಕರು ಗೆರೆಗಳನ್ನು ಹತ್ತಿರದ ದೂರಕ್ಕೆ ಹೊಂದಿಸಿರುವುದರಿಂದ ದೂರದ ದೃಶ್ಯಗಳಲ್ಲಿ ಗೆರೆಯ ಹೊರಗಿನದೂ ಒಂದಿಷ್ಟು ಫಿಲ್ಮಿನ ಮೇಲೆ ಬಂದು ಕೂರುತ್ತದೆ.

ಇನ್ನು ದೂರ ಅಳೆಯುವ ಯಂತ್ರ. ಕ್ಯಾಮೆರಾದ ಎರಡು ಕಿಟಕಿಗಳ ನಡುವಿನ ಅಂತರವನ್ನು ತಳದೂರ ಎನ್ನೋಣ. ಅದನ್ನು ವ್ಯೂಫೈಂಡರಿನ ಗಾತ್ರದ ಪಟ್ಟಿನಿಂದ ಗುಣಿಸಿದರೆ ಸಿಗುವ ಪರಿಣಾಮಕಾರಿ ತಳದೂರವೇ ಆ ಕ್ಯಾಮೆರಾ ಎಷ್ಟು ನಿಖರವಾಗಿ ಫೋಕಸ್ ಮಾಡಬಲ್ಲದು ಎಂಬುದರ ಅಳತೆ. ಎಂ3ರದು ಸುಮಾರು 63 ಮಿ.ಮೀ., ಎಂ6ರದು ಸುಮಾರು 50. ಕೊನಿಕಾದ ಹೆಕ್ಸರ್ ಆರ್‌ಎಫ್‌ನದು 41ರ ಆಸುಪಾಸು. ಜಪಾನಿನ ಕೊಸೀನಾ ಕಂಪನಿ ಫೋಕ್ಟ್‌ಲ್ಯಾಂಡರ್ ಹೆಸರಿನಲ್ಲಿ ಹೊರತಂದ ಬೆಸ್ಸಾ ಆರ್‌ನದು 25, ಮತ್ತು 1973ರ ಪುಟ್ಟ ಲೈಕಾ ಸಿಎಲ್‌ನದು 19 ಮಾತ್ರ.

ಈ ಅಂಕಿಗಳು ಲೆನ್ಸಿನ ಆಯ್ಕೆಗೆ ಹೇಗೆ ತಾಕುತ್ತವೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಜೋಡಿ ಬಿಂಬಗಳನ್ನು ಒಂದರ ಮೇಲೊಂದು ಕೂರಿಸುವಾಗ ನಮ್ಮ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ತಪ್ಪಬಹುದು ಎಂದು ಇಟ್ಟುಕೊಂಡರೆ, ಒಂದು ಮೀಟರ್ ದೂರದಲ್ಲಿರುವ ಮುಖಕ್ಕೆ ಎಂ3ರಲ್ಲಿ ಸುಮಾರು 5 ಮಿ.ಮೀ., ಎಂ6ರಲ್ಲಿ 6 ಮಿ.ಮೀ., ಸಿಎಲ್‌ನಲ್ಲಿ 15 ಮಿ.ಮೀ. ತಪ್ಪು ಆಗುತ್ತದೆ. ಎಫ್/ ಮುಂದಿನ ಅಂಕಿ ಕಿರಿದಾದಷ್ಟೂ ಬೆಳಕು ಬಿಡುವ ಅಪರ್ಚರ್ ಎಂಬ ರಂಧ್ರ ದೊಡ್ಡದು. ಅದೇ ಒಂದು ಮೀಟರ್ ದೂರದಲ್ಲಿ 50 ಮಿ.ಮೀ. ಲೆನ್ಸ್ ಎಫ್/2ರಲ್ಲಿ ಒಟ್ಟು 4.6 ಸೆಂ.ಮೀ. ಆಳದಷ್ಟು ಜಾಗವನ್ನು ಸ್ಪಷ್ಟವಾಗಿಡುತ್ತದೆ, ಎಫ್/1.4ರಲ್ಲಿ 3.2 ಸೆಂ.ಮೀ., ಎಫ್/1ರಲ್ಲಿ 2.3 ಸೆಂ.ಮೀ. ಮಾತ್ರ. ಆಳದ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ ಎಂದು ಎಣಿಸಿದರೆ ಸಿಎಲ್‌ನ 15 ಮಿ.ಮೀ. ತಪ್ಪು 50 ಎಫ್/1.4ರ ಅರ್ಧ ಆಳಕ್ಕೆ ಹೆಚ್ಚುಕಡಿಮೆ ಸಮನಾಗುತ್ತದೆ. ಎದುರಿಗೆ ಕುಳಿತವರು ಉಸಿರಾಡುವಾಗ ಅಲುಗಿದರೂ ಕಣ್ಣು ಹೋಗಿ ಕಿವಿ ಸ್ಪಷ್ಟವಾಗುತ್ತದೆ. ಎಂ6ರಲ್ಲಿ ಅದೇ ಲೆನ್ಸಿಗೆ ಎರಡೂವರೆ ಪಟ್ಟು ಅವಕಾಶ ಉಳಿಯುತ್ತದೆ. ದೂರ ಹೆಚ್ಚಾದರೆ ಈ ತೊಂದರೆ ತಪ್ಪುತ್ತದೆ ಎಂದು ಕೆಲವರು ಭಾವಿಸುತ್ತಾರೆ, ಆದರೆ ಹಾಗಾಗುವುದಿಲ್ಲ: ದೂರ ಎರಡು ಪಟ್ಟಾದರೆ ಅಳತೆಯ ತಪ್ಪು ನಾಲ್ಕು ಪಟ್ಟಾಗುತ್ತದೆ, ಸ್ಪಷ್ಟತೆಯ ಆಳವೂ ಹೆಚ್ಚುಕಡಿಮೆ ನಾಲ್ಕು ಪಟ್ಟೇ ಆಗುತ್ತದೆ, ಎರಡರ ಅನುಪಾತ ಇದ್ದಲ್ಲೇ ಇರುತ್ತದೆ. ಒಂದು ಮೀಟರಿನಲ್ಲಿ ಹೊಂದದ ಜೋಡಿ ಮೂರು ಮೀಟರಿನಲ್ಲೂ ಹೊಂದುವುದಿಲ್ಲ. ಲೈಕಾ ಸಿಎಲ್‌ಗೆಂದು ಲೈಟ್ಸ್ ಕೊಟ್ಟದ್ದು 40 ಮಿ.ಮೀ. ಎಫ್/2 ಲೆನ್ಸ್ ಎಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಒಂದು ಮೀಟರಿನಲ್ಲಿ ಅದರ ಸ್ಪಷ್ಟತೆಯ ಆಳ 7 ಸೆಂ.ಮೀ.ಗಿಂತ ಹೆಚ್ಚು, ಆ ಕ್ಯಾಮೆರಾದ ಗಿಡ್ಡ ತಳದೂರಕ್ಕೆ ಅಷ್ಟು ಸಡಿಲ ಬೇಕೇ ಬೇಕು.

ಹಾಗಿದ್ದರೆ ಎಫ್/1.4 ಅಥವಾ ಅದಕ್ಕಿಂತ ದೊಡ್ಡ ಅಪರ್ಚರಿನ ಲೆನ್ಸ್ ಯಾರಿಗೆ ಬೇಕು? ಎಸ್‌ಎಲ್‌ಆರ್ ಬಳಸಿ ಬಂದವರಲ್ಲಿ ದೊಡ್ಡ ಅಪರ್ಚರಿನ ಬಗ್ಗೆ ಒಂದು ಒಲವು ಇದ್ದೇ ಇರುತ್ತದೆ, ಏಕೆಂದರೆ ಅಲ್ಲಿ ಎಫ್/1.4 ಲೆನ್ಸ್ ಹಾಕಿದರೆ ನೋಟವೇ ಬೆಳಗುತ್ತದೆ, ಫೋಕಸ್ ಮಾಡುವುದು ಸುಲಭವಾಗುತ್ತದೆ. ರೇಂಜ್‌ಫೈಂಡರಿನಲ್ಲಿ ಈ ಲಾಭ ಸೊನ್ನೆ. ಎಫ್/3.5ರ ಲೆನ್ಸ್ ಹಾಕಿದರೂ ಎಫ್/1ರ ಲೆನ್ಸ್ ಹಾಕಿದರೂ ಕಿಟಕಿಯ ಬೆಳಕು ಒಂದೇ. ದೊಡ್ಡ ಅಪರ್ಚರಿಗೆ ಉಳಿಯುವುದು ಎರಡೇ ಕೆಲಸ: ಕಡಿಮೆ ಬೆಳಕಿನಲ್ಲಿ ಶಟರಿನ ವೇಗ ಗಳಿಸುವುದು, ಮತ್ತು ಹಿನ್ನೆಲೆಯನ್ನು ಕರಗಿಸುವುದು.

ಮೊದಲನೆಯದನ್ನು ನಮ್ಮ ಬೆಳಕಿನಲ್ಲೇ ಅಳೆದು ನೋಡೋಣ. ನಮ್ಮಲ್ಲಿ ಮಾರ್ಚಿಯ ನಡು ಬೆಳಗಿನ ಬಿಸಿಲಿನಲ್ಲಿ ಐಎಸ್‌ಒ (ಫಿಲ್ಮಿಗೆ ಬೆಳಕು ಎಷ್ಟು ಬೇಗ ತಾಕುತ್ತದೆ ಎಂಬುದರ ಅಳತೆ) 400ರ ಫಿಲ್ಮಿಗೆ ಎಫ್/16ರಲ್ಲಿ ಸೆಕೆಂಡಿನ 1/400 ಸಾಕಾಗುತ್ತದೆ. ಎಂ ಮಾದರಿಯ ಲೈಕಾಗಳ ಯಾಂತ್ರಿಕ ಶಟರಿನ ಗರಿಷ್ಠ ವೇಗ 1/1000. ಅಷ್ಟಕ್ಕೆ ಏರಿಸಿದರೂ ಎಫ್/11ರ ಹತ್ತಿರವೇ ನಿಲ್ಲಬೇಕು. ಎಫ್/1.4 ಅಲ್ಲಿಂದ ಆರು ಸ್ಟಾಪ್ ದೂರ, ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟಾಗುವುದರಿಂದ 64 ಪಟ್ಟು ಹೆಚ್ಚು ಬೆಳಕು. ಜಗಲಿಯ ನೆರಳಿಗೆ ಬಂದರೂ ಮೂರು ಸ್ಟಾಪ್ ಇಳಿದು ಎಫ್/4 ಆಗುತ್ತದೆ, ಅಷ್ಟೇ. ಹಣ ಸುರಿದು ಕೊಂಡ ಅಪರ್ಚರನ್ನು ಹಗಲು ಹೊತ್ತಿನಲ್ಲಿ ಐಎಸ್‌ಒ 400ರ ರೀಲಿನೊಂದಿಗೆ ತೆರೆಯುವುದಕ್ಕೇ ಆಗುವುದಿಲ್ಲ. ಬೆಳಕು ತಡೆಯುವ ಬೂದು ಫಿಲ್ಟರ್ ಹಾಕಬೇಕು, ಇಲ್ಲವೇ ಐಎಸ್‌ಒ 50ರ ಅಥವಾ 100ರ ಫಿಲ್ಮ್ ಹುಡುಕಬೇಕು. ಸಂಜೆ ಟ್ಯೂಬ್‌ಲೈಟ್ ಹಾಕಿದ ಮನೆಯೊಳಗೆ ಚಿತ್ರ ಬೇರೆ. ಅಲ್ಲಿ ಐಎಸ್‌ಒ 400ರಲ್ಲಿ ಎಫ್/2ಕ್ಕೆ ಸುಮಾರು 1/60, ಎಫ್/1.4ಕ್ಕೆ 1/125, ಲೈಟ್ಸ್‌ನ ಹಳೆಯ ಎಫ್/3.5ರ ಎಲ್ಮರ್ ಲೆನ್ಸಿಗೆ 1/20 ಎಂದು ಅಂದಾಜಿಡಬಹುದು. ಕನ್ನಡಿಯ ಹೊಡೆತವಿಲ್ಲದ ಈ ಕ್ಯಾಮೆರಾಗಳನ್ನು 1/30ರಲ್ಲಿ, ಕೈ ಪಳಗಿದವರು 1/15ರಲ್ಲಿ ಅಲುಗದಂತೆ ಹಿಡಿಯುತ್ತಾರೆ. ಆದರೆ ಎದುರಿಗಿರುವ ಮಗು 1/30ಕ್ಕೆ ನಿಲ್ಲುವುದಿಲ್ಲ. ಆದ್ದರಿಂದ ಎಫ್/2 ಎಂಬುದು ಮನೆಯೊಳಗಿನ ಬೆಳಕಿಗೆ ಬೇಕಾದ ಕನಿಷ್ಠ ಎಂದೂ, ಎಫ್/1.4 ಅದಕ್ಕೆ ಒಂದು ಸ್ಟಾಪಿನ ಸೇರ್ಪಡೆ ಎಂದೂ ನಾನು ಎಣಿಸುತ್ತೇನೆ. ಆ ಒಂದು ಸ್ಟಾಪನ್ನು ಐಎಸ್‌ಒ 800ಕ್ಕೆ ಪುಷ್ ಮಾಡಿ, ಅಂದರೆ 800ರ ಫಿಲ್ಮೆಂದೇ ಎಣಿಸಿ ತೆಗೆದು ಹೆಚ್ಚು ಹೊತ್ತು ಡೆವಲಪ್ ಮಾಡಿದರೂ ಪಡೆಯಬಹುದು, ಕಪ್ಪು ಬಿಳುಪಿನಲ್ಲಂತೂ ಅದಕ್ಕೆ ತೆರಬೇಕಾದ ಬೆಲೆ ಚಿತ್ರದಲ್ಲಿ ಸ್ವಲ್ಪ ಹೆಚ್ಚಿನ ಹರಳು (ಗ್ರೇನ್) ಮಾತ್ರ. ಇನ್ನು 1966ರ ಎಫ್/1.2ರಿಂದ ಮೊದಲಾಗಿ 2008ರ ಎಫ್/0.95ರವರೆಗೆ ಬಂದ ಲೈಕಾದ ನಾಕ್ಟಿಲಕ್ಸ್‌ಗಳು, 1961ರ ಕ್ಯಾನನ್ 50 ಎಫ್/0.95 ಇಂಥವುಗಳನ್ನು ಸ್ಟ್ಯಾಂಡರ್ಡ್ ಎಂದು ಕರೆಯುವುದು ಸಂಗಮದೂರದ ಮಟ್ಟಿಗೆ ಮಾತ್ರ ಸರಿ, ಎಫ್/0.95ರ ನಾಕ್ಟಿಲಕ್ಸ್ ಒಂದೇ 700 ಗ್ರಾಂ ತೂಗುತ್ತದೆ, ವ್ಯೂಫೈಂಡರಿನ ಒಂದು ಮೂಲೆಯನ್ನೇ ನುಂಗುತ್ತದೆ.

ಲೆನ್ಸಿನ ಒಳವಿನ್ಯಾಸದ ವಿಚಾರ ಈಗ ಬರುತ್ತದೆ, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ರೇಂಜ್‌ಫೈಂಡರಿನ 50 ಮಿ.ಮೀ. ಲೆನ್ಸುಗಳು ಬಹುಪಾಲು ಎರಡು ಮನೆತನಗಳಿಗೆ ಸೇರಿದವು. ಒಂದು, 1896ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಪೌಲ್ ರುಡಾಲ್ಫ್ ರೂಪಿಸಿದ ಪ್ಲಾನಾರ್‌ನಿಂದ ಹರಿದು ಬಂದದ್ದು. ಅಪರ್ಚರಿನ ಎರಡೂ ಬದಿಗೆ ಹೆಚ್ಚುಕಡಿಮೆ ಕನ್ನಡಿಯ ಬಿಂಬದಂತೆ ಗಾಜುಗಳು ಕೂತಿರುತ್ತವೆ. ಇನ್ನೊಂದು, ಅದೇ ಕಂಪನಿಗೆ ಲುಡ್ವಿಗ್ ಬೆರ್ಟೆಲೆ ವಿನ್ಯಾಸ ಮಾಡಿದ ಸೊನ್ನಾರ್, 1932ರಲ್ಲಿ ಕಾಂಟಾಕ್ಸ್ ಕ್ಯಾಮೆರಾದೊಂದಿಗೆ ಬಂದದ್ದು. ಆ ಕಾಲಕ್ಕೆ ಗಾಜಿನ ಮೇಲೆ ಪ್ರತಿಫಲನ ತಡೆಯುವ ಲೇಪನವಿರಲಿಲ್ಲ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಅದನ್ನು ಕಂಡುಹಿಡಿದದ್ದು 1935ರಲ್ಲಿ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ಗಾಳಿಯನ್ನು ಮುಟ್ಟುವ ಕಡೆ ನೂರಕ್ಕೆ ನಾಲ್ಕು ಪಾಲಿನಷ್ಟಾದರೂ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಮತ್ತು ಹಾಗೆ ಎಸೆದ ಬೆಳಕು ಲೆನ್ಸಿನೊಳಗೇ ಅಲೆದಾಡಿ ಚಿತ್ರದ ಕಪ್ಪನ್ನು ಬೂದಿಯಾಗಿಸುತ್ತದೆ. ಆರು ಗಾಜುಗಳು ನಾಲ್ಕು ಗುಂಪಾಗಿ ನಿಂತ ಪ್ಲಾನಾರ್ ಮಾದರಿಯಲ್ಲಿ ಇಂಥ ಮೇಲ್ಮೈಗಳು ಎಂಟು. ಬೆರ್ಟೆಲೆ ಏಳು ಗಾಜುಗಳನ್ನು ಅಂಟಿಸಿ ಮೂರೇ ಗುಂಪು ಮಾಡಿ ಎಫ್/1.5ರ ಸೊನ್ನಾರ್‌ನಲ್ಲಿ ಮೇಲ್ಮೈಗಳನ್ನು ಆರಕ್ಕೆ ಇಳಿಸಿದರು. ಗಾಜುಗಳನ್ನು ಅಂಟಿಸಿ ಕೂರಿಸುವುದು ದುಬಾರಿ ಕೆಲಸ, ಆದರೆ ಅದರಿಂದ ಸಿಕ್ಕ ಕಪ್ಪಿನ ಗಾಢತೆ ಆ ಕಾಲದ ಬೇರೆ ಯಾವ ವೇಗದ ಲೆನ್ಸಿನಲ್ಲೂ ಸುಲಭವಾಗಿ ಸಿಗುತ್ತಿರಲಿಲ್ಲ. ಯುದ್ಧಾನಂತರ ಜಪಾನಿನ ನಿಕಾನ್ ತನ್ನ ರೇಂಜ್‌ಫೈಂಡರುಗಳಿಗೆ ಮಾಡಿದ ಎಫ್/2, ಎಫ್/1.4 ಲೆನ್ಸುಗಳೂ ಸೊನ್ನಾರ್ ಕುಲದವೇ. 1950ರಲ್ಲಿ ಕೊರಿಯಾ ಯುದ್ಧಕ್ಕೆ ಹೋದ ಅಮೆರಿಕದ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಅವುಗಳನ್ನು ತಮ್ಮ ಲೈಕಾಗಳ ಮೇಲೆ ಹಾಕಿಕೊಂಡು ಹೋದದ್ದರಿಂದ ಅವುಗಳ ಹೆಸರು ಜಗತ್ತಿಗೆ ಹಬ್ಬಿತು.

ಲೇಪನ ಬಂದ ಮೇಲೆ ಮೇಲ್ಮೈಗಳ ಎಣಿಕೆ ಅಷ್ಟು ಮುಖ್ಯವಾಗಿ ಉಳಿಯಲಿಲ್ಲ, ಪ್ಲಾನಾರ್ ಕುಲ ಗೆದ್ದಿತು. ಲೈಟ್ಸ್‌ನ 1953ರ ಸುಮ್ಮಿಕ್ರಾನ್, ಕೆನಡಾದಲ್ಲಿ ವಾಲ್ಟರ್ ಮಾಂಡ್ಲರ್ 1979ರಲ್ಲಿ ಅದಕ್ಕೆ ಕೊಟ್ಟ ಆರು ಗಾಜು ನಾಲ್ಕು ಗುಂಪಿನ ರೂಪ, ಕೊಸೀನಾದಲ್ಲಿ ತಯಾರಾದ ಝೈಸ್ ಝಡ್‌ಎಂ ಪ್ಲಾನಾರ್ 50 ಎಫ್/2, ಕೊನಿಕಾದ ಹೆಕ್ಸಾನಾನ್ 50 ಎಫ್/2 ಎಲ್ಲವೂ ಈ ಮನೆಯವು. ಸೊನ್ನಾರ್ ಹಿಂದೆ ಬೀಳಲು ಇನ್ನೊಂದು ಕಾರಣವೂ ಇದೆ, ಅದನ್ನು ರೇಂಜ್‌ಫೈಂಡರ್ ಬಳಸುವವರು ಚೆನ್ನಾಗಿ ಅರಿತಿರಬೇಕು. ಗೋಳೀಯ ವಿಪಥನ ಎಂಬ ದೋಷವಿರುವ ಲೆನ್ಸಿನಲ್ಲಿ ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಅಪರ್ಚರ್ ಪೂರ್ತಿ ತೆರೆದಾಗ ಎರಡರ ನಡುವಿನ ರಾಜಿಯ ಬಿಂದುವಿನಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಅಪರ್ಚರ್ ಕಿರಿದಾಗಿಸಿ ಅಂಚಿನ ಕಿರಣಗಳನ್ನು ತಡೆದೊಡನೆ ಸ್ಪಷ್ಟತೆಯ ತಲ ಹಿಂದಕ್ಕೆ ಸರಿಯುತ್ತದೆ. ಎಸ್‌ಎಲ್‌ಆರ್‌ನಲ್ಲಿ ಅಪರ್ಚರ್ ಇಳಿಸಿಯೇ ನೋಡಿ ಇದನ್ನು ತಿದ್ದಿಕೊಳ್ಳುವ ದಾರಿಯಾದರೂ ಇದೆ. ರೇಂಜ್‌ಫೈಂಡರ್ ಕುರುಡು; ಲೆನ್ಸಿನ ಹಿಂಭಾಗದ ಕ್ಯಾಮ್ ಎಷ್ಟು ಜರುಗಿತು ಎಂಬುದನ್ನು ಬಾಡಿಯೊಳಗಿನ ಪುಟ್ಟ ರೋಲರ್ ಮುಟ್ಟಿ ತಿಳಿಯುತ್ತದೆಯೇ ಹೊರತು ಅಪರ್ಚರ್ ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು. ಝೈಸ್ ಈಚಿನ ಕಾಲದಲ್ಲಿ ಹೊರತಂದ ಸಿ ಸೊನ್ನಾರ್ 50 ಎಫ್/1.5ರಲ್ಲಿ ಈ ಗುಣವನ್ನು ಬೇಕೆಂದೇ ಉಳಿಸಿಕೊಂಡಿದೆ. ಎಫ್/2.8ಕ್ಕೆ ಸರಿಹೊಂದಿಸಿದ ಪ್ರತಿಯಲ್ಲಿ ಪೂರ್ತಿ ತೆರೆದಾಗ ಒಂದು ಮೀಟರಿನಲ್ಲಿ ಫೋಕಸ್ ಒಂದೆರಡು ಸೆಂಟಿಮೀಟರ್ ಮುಂದೆ ಬೀಳುತ್ತದೆ, ಎಫ್/1.5ಕ್ಕೆ ಸರಿಹೊಂದಿಸಿದ ಪ್ರತಿಯಲ್ಲಿ ನಡುವಿನ ಅಪರ್ಚರುಗಳಲ್ಲಿ ಹಿಂದೆ ಬೀಳುತ್ತದೆ. ಅಂಥ ಲೆನ್ಸನ್ನು ಕೊಳ್ಳುವವರು ತಮ್ಮ ಪ್ರತಿ ಯಾವುದಕ್ಕೆ ಹೊಂದಿದೆ ಎಂದು ತಿಳಿದು, ಉಳಿದ ಕಡೆ ಮೈಯನ್ನು ಒಂದು ಬೆರಳಷ್ಟು ಹಿಂದಕ್ಕೋ ಮುಂದಕ್ಕೋ ವಾಲಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಇಷ್ಟೆಲ್ಲ ಕಷ್ಟಕ್ಕೆ ಪ್ರತಿಫಲವೆಂದರೆ ಅದೇ ದೋಷ ಮುಖದ ಚರ್ಮಕ್ಕೂ ಹಿನ್ನೆಲೆಗೂ ಕೊಡುವ ಮೃದುತ್ವ. ಅದನ್ನು ಮೆಚ್ಚುವವರು ಬೇರೆ ಲೆನ್ಸಿಗೆ ಹೋಗುವುದಿಲ್ಲ. ನನ್ನಂತೆ ಒಂದೇ ಲೆನ್ಸಿನಲ್ಲಿ ಎಲ್ಲವನ್ನೂ ತೆಗೆಯುವವರಿಗೆ ಅದು ಮೊದಲ ಲೆನ್ಸ್ ಆಗಬಾರದು.

ಮೂರನೆಯದಾಗಿ ಎಲ್ಮರ್ ಮಾದರಿ, ನಾಲ್ಕು ಗಾಜಿನ ಸರಳ ವಿನ್ಯಾಸ. ಎಫ್/3.5, ಎಫ್/2.8ರ ಈ ಲೆನ್ಸುಗಳಲ್ಲಿ ಹಲವು ಬಾಡಿಯೊಳಗೆ ಮಡಚಿಕೊಳ್ಳುತ್ತವೆ. ಕ್ಯಾಮೆರಾ ಜುಬ್ಬಾದ ಜೇಬಿಗೆ ಇಳಿಯುತ್ತದೆ. ಹಗಲಿನಲ್ಲಷ್ಟೇ ತೆಗೆಯುವವರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ, ಏಕೆಂದರೆ ಎಫ್/5.6ರಿಂದ ಎಫ್/8ಕ್ಕೆ ಇಳಿಸಿದ ಮೇಲೆ ಐಎಸ್‌ಒ 400ರ ಫಿಲ್ಮಿನ ಎಂಟು-ಹತ್ತು ಇಂಚಿನ ಪ್ರಿಂಟಿನಲ್ಲಿ ಯಾವುದು ಎಲ್ಮರ್, ಯಾವುದು ಹೊಸ ಸುಮ್ಮಿಕ್ರಾನ್ ಎಂದು ಹೇಳುವುದು ನನ್ನ ಕಣ್ಣಿಗಂತೂ ಸಾಧ್ಯವಾಗಿಲ್ಲ.

ಅಗ್ಗದ ದಾರಿ ಹುಡುಕುವವರು ಬೇಗನೆ ಬಂದು ಸೇರುವುದು ಸೋವಿಯತ್ ಲೆನ್ಸುಗಳ ಬಳಿಗೆ. ಎರಡನೇ ಮಹಾಯುದ್ಧದ ನಂತರ ಝೈಸ್‌ನ ಯಂತ್ರಗಳೂ ವಿನ್ಯಾಸಗಳೂ ಪರಿಹಾರದ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಜೂಪಿಟರ್-8 ಎಂಬುದು ಸೊನ್ನಾರ್ 50 ಎಫ್/2ರ, ಜೂಪಿಟರ್-3 ಎಂಬುದು ಎಫ್/1.5ರ ಸಂತತಿ. ಲೈಕಾದ ಹಳೆಯ 39 ಮಿ.ಮೀ. ತಿರುಪಿನ ಲೆನ್ಸುಗಳನ್ನು ಎಂ ಬಾಡಿಗೆ ಹಾಕಲು ಒಂದು ತೆಳುವಾದ ಉಂಗುರ ಸಾಕು, ಏಕೆಂದರೆ ತಿರುಪಿನ ಬಾಡಿಯಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲ್ಮಿಗೆ 28.8 ಮಿ.ಮೀ., ಎಂ ಬಾಡಿಯಲ್ಲಿ 27.8 ಮಿ.ಮೀ.; ನಡುವಿನ ಒಂದು ಮಿಲಿಮೀಟರನ್ನು ಉಂಗುರ ತುಂಬುತ್ತದೆ. ಈ ಜೂಪಿಟರ್‌ಗಳು ಸೋವಿಯತ್ ಕ್ಯಾಮೆರಾಗಳಾದ ಫೆಡ್, ಝೋರ್ಕಿ ಬಾಡಿಗಳ ಮೇಲೆ ನೇರವಾಗಿ ಕೂರುತ್ತವೆ, ಅಲ್ಲಿ ತೊಂದರೆಯಿಲ್ಲ. ಲೈಕಾದ ಮೇಲೆ ಹಾಕಿದಾಗ ತೊಡಕು ಶುರುವಾಗುತ್ತದೆ. ಲೈಕಾದ ರೇಂಜ್‌ಫೈಂಡರ್ 51.6 ಮಿ.ಮೀ. ಸಂಗಮದೂರದ ಲೆನ್ಸ್ ಎಷ್ಟು ಜರುಗಬೇಕೋ ಅಷ್ಟನ್ನು ನಿರೀಕ್ಷಿಸುತ್ತದೆ. ಸೋವಿಯತ್ ಲೆನ್ಸುಗಳು ಕಾಂಟಾಕ್ಸ್‌ನ 52.4 ಮಿ.ಮೀ. ಅಳತೆಗೆ ಕಟ್ಟಿದವು. ಅನಂತ ದೂರಕ್ಕೆ ಎರಡನ್ನೂ ಸರಿ ಮಾಡಿದರೂ ಒಂದು ಮೀಟರಿಗೆ ಬಂದಾಗ ಫಿಲ್ಮಿನ ಬಳಿ 0.09 ಮಿ.ಮೀ. ವ್ಯತ್ಯಾಸ ಉಳಿಯುತ್ತದೆ, ವಸ್ತುವಿನ ಬಳಿ ಅದು ಸುಮಾರು 3 ಸೆಂ.ಮೀ. ಎಫ್/2ರಲ್ಲಿ ಫಿಲ್ಮಿನ ಬಳಿ ಸಹಿಸಬಹುದಾದದ್ದು 0.06 ಮಿ.ಮೀ. ಮಾತ್ರ, ಎಫ್/4ರಲ್ಲಿ 0.12. ಆದ್ದರಿಂದ ಲೈಕಾದ ಮೇಲಿನ ಜೂಪಿಟರ್ ಎಫ್/4ರಿಂದ ಆಚೆಗೆ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತದೆ, ಪೂರ್ತಿ ತೆರೆದು ಹತ್ತಿರದ ಮುಖ ತೆಗೆಯಲು ಹೊರಟಾಗ ಕೈಕೊಡುತ್ತದೆ. ಹಾಗೆ ಕೈಕೊಟ್ಟ ಲೆನ್ಸನ್ನು ಕಳಪೆಯೆಂದು ಬೈದು ಮಾರಿದವರನ್ನು ನೋಡಿದ್ದೇನೆ. ಪಾಪ, ಲೆನ್ಸಿನದು ತಪ್ಪಿರಲಿಲ್ಲ.

ಹಳೆಯ ಲೆನ್ಸ್ ಕೊಳ್ಳುವವರಿಗೆ ನಮ್ಮ ಹವೆಯೊಂದು ಬೇರೆಯೇ ಪರೀಕ್ಷೆ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲ ಕಳೆದ ಲೆನ್ಸಿನೊಳಗೆ ಜೇಡರ ಬಲೆಯಂತೆ ಫಂಗಸ್ ಹಬ್ಬಿರುವುದು ಅಪರೂಪವಲ್ಲ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಓರೆಯಾಗಿ ನೋಡಬೇಕು. ಫಂಗಸ್‌ಗಿಂತ ಮೋಸಗಾರ ಮಬ್ಬು: ಒಳಗಿನ ಗಾಜಿನ ಮೇಲೆ ತೆಳುವಾಗಿ ಕೂತ ಆ ಪೊರೆ ಸಾಮಾನ್ಯ ಬೆಳಕಿನಲ್ಲಿ ಕಾಣುವುದೇ ಇಲ್ಲ, ಟಾರ್ಚಿನ ಬೆಳಕಿಗೆ ಹಾಲು ಚೆಲ್ಲಿದಂತೆ ತೋರುತ್ತದೆ. ಐವತ್ತರ ದಶಕದ ಲೈಟ್ಸ್ ಮತ್ತು ಕ್ಯಾನನ್ ಲೆನ್ಸುಗಳಲ್ಲಿ ಇದು ಸಾಮಾನ್ಯ. ಲೈಟ್ಸ್‌ನದೇ ಮೂವತ್ತರ ದಶಕದ ಸುಮ್ಮಾರ್ ಲೆನ್ಸಿನ ಮುಂದಿನ ಗಾಜು ಮೆದು. ಕರ್ಚೀಫಿನಿಂದ ಒರೆಸಿ ಒರೆಸಿ ಸಾವಿರ ಗೀರು ಬಿದ್ದವೇ ಹೆಚ್ಚು ಸಿಗುತ್ತವೆ. ಸಣ್ಣ ಗೀರಿಗೆ ಅಂಜಬೇಕಿಲ್ಲ, ಮಬ್ಬಿಗೆ ಅಂಜಬೇಕು. ಇದರೊಂದಿಗೆ ಕನಿಷ್ಠ ಫೋಕಸ್ ದೂರವನ್ನೂ ಓದಿಕೊಳ್ಳಿ: ತಿರುಪಿನ ಕಾಲದ ಲೆನ್ಸುಗಳು ಬಹುತೇಕ ಒಂದು ಮೀಟರಿಗೆ ನಿಲ್ಲುತ್ತವೆ, ಸಿ ಸೊನ್ನಾರ್ 0.9ಕ್ಕೆ, ಹೊಸ ಪ್ಲಾನಾರ್ ಮತ್ತು ಸುಮ್ಮಿಕ್ರಾನ್ 0.7ಕ್ಕೆ. ಊಟದ ಮೇಜಿನ ಆಚೆ ಕುಳಿತವರ ಮುಖ ತೆಗೆಯುವಾಗ ಆ 30 ಸೆಂ.ಮೀ. ನೆನಪಿಗೆ ಬರುತ್ತದೆ.

40 ಮಿ.ಮೀ. ಬಗ್ಗೆ ಒಂದು ಮಾತು ಬಾಕಿಯಿದೆ. ಕರ್ಣದ ಲೆಕ್ಕದಲ್ಲಿ ನಿಜವಾದ ಸ್ಟ್ಯಾಂಡರ್ಡಿಗೆ ಅತಿ ಹತ್ತಿರದ್ದು ಅದೇ, ಗಾತ್ರದಲ್ಲಿ ಪುಟ್ಟದು, ಲೈಕಾ ಸಿಎಲ್‌ನ ಸುಮ್ಮಿಕ್ರಾನ್-ಸಿ, ಮಿನೋಲ್ಟಾ ಸಿಎಲ್‌ಇಯ ರೊಕ್ಕರ್, ಫೋಕ್ಟ್‌ಲ್ಯಾಂಡರ್‌ನ ನೋಕ್ಟನ್ ಎಫ್/1.4 ಮೂರೂ ಒಳ್ಳೆಯವು. ಆದರೆ ಲೈಕಾ ಎಂ ಬಾಡಿಗಳಲ್ಲಿ 40ಕ್ಕೆ ಗೆರೆಗಳಿಲ್ಲ. ಲೆನ್ಸ್ ಹಾಕಿದರೆ 50ರ ಗೆರೆ ಮೂಡುತ್ತದೆ, ಫಿಲ್ಮಿನ ಮೇಲೆ ಅದಕ್ಕಿಂತ ಸಾಕಷ್ಟು ಹೆಚ್ಚು ಬಂದಿರುತ್ತದೆ. ಗೆರೆ ಆರಿಸುವ ಲೋಹದ ಹಲ್ಲನ್ನು ಅರದಿಂದ ಸ್ವಲ್ಪ ಸವೆಸಿ 35ರ ಗೆರೆ ಬರುವಂತೆ ಮಾಡಿಕೊಂಡವರಿದ್ದಾರೆ, ಮತ್ತು ಎಂ6ರಂಥ ಬಾಡಿಗಳಲ್ಲಿ ದೂರದ ದೃಶ್ಯಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. 40ರ ಗೆರೆಗಳನ್ನೇ ಕೊಡುವ ಸಿಎಲ್, ಸಿಎಲ್‌ಇ, ಬೆಸ್ಸಾ ಆರ್3ಎ ಇರುವವರು ಮಾತ್ರ ಎರಡನೇ ಯೋಚನೆಯಿಲ್ಲದೆ 40ನ್ನು ಆರಿಸಬಹುದು.

ಉಳಿದವರಿಗೆ ನನ್ನ ಸಲಹೆ ಬೇಸರ ತರಿಸುವಷ್ಟು ಸರಳವಾಗಿದೆ: ಪ್ಲಾನಾರ್ ಕುಲದ 50 ಮಿ.ಮೀ. ಎಫ್/2, ಯಾವ ಕಂಪನಿಯದಾದರೂ ಸರಿ, ಮಬ್ಬಿಲ್ಲದ್ದು. ಮನೆಯೊಳಗೇ ಹೆಚ್ಚು ತೆಗೆಯುವವರು ಮತ್ತು ಕಿಟಕಿಯ ಪಟ್ಟು 0.72ಕ್ಕಿಂತ ಕಡಿಮೆಯಿರುವವರು 35 ಎಫ್/2ಕ್ಕೆ ಹೋಗಲಿ. ಎಂ3 ಇರುವವರು ಎಫ್/1.4 ಬೇಕೆಂದರೆ ಧೈರ್ಯವಾಗಿ ಕೊಳ್ಳಬಹುದು, ಅವರ ಕ್ಯಾಮೆರಾ ಅದನ್ನು ಫೋಕಸ್ ಮಾಡಬಲ್ಲದು.

ಯಾವುದನ್ನೇ ಕೊಂಡರೂ ಮೊದಲ ರೀಲನ್ನು ಪರೀಕ್ಷೆಗೆ ಮೀಸಲಿಡಬೇಕು. ಮೇಜಿನ ಮೇಲೆ ಅಳತೆಪಟ್ಟಿಯನ್ನು ನೋಟಕ್ಕೆ ಓರೆಯಾಗಿ ಹಾಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಒಂದು ಮೀಟರಿನ ಗುರುತಿನ ಮೇಲೆ ಜೋಡಿ ಬಿಂಬ ಕೂಡಿಸಿ, ಪೂರ್ತಿ ತೆರೆದ ಅಪರ್ಚರಿನಿಂದ ಎಫ್/5.6ರವರೆಗೆ ಒಂದೊಂದು ಚಿತ್ರ ತೆಗೆದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಅದನ್ನೇ ಮೂರು ಮೀಟರಿನಲ್ಲೂ, ದೂರದ ಮೊಬೈಲ್ ಟವರಿನ ಮೇಲೂ ಮಾಡಿ. ನೆಗೆಟಿವನ್ನು ಭೂತಗನ್ನಡಿಯಲ್ಲಿ ನೋಡಿದಾಗ ತಪ್ಪು ಅಪರ್ಚರಿನೊಂದಿಗೆ ಜರುಗುತ್ತಿದ್ದರೆ ಅದು ಲೆನ್ಸಿನ ಸ್ವಭಾವ, ಅದನ್ನು ರಿಪೇರಿ ಮಾಡಲಾಗದು. ಹತ್ತಿರದಲ್ಲಿ ಮಾತ್ರ ತಪ್ಪಿದ್ದು ದೂರದಲ್ಲಿ ಸರಿಯಿದ್ದರೆ ಲೆನ್ಸಿನ ಅಳತೆಗೂ ಬಾಡಿಯ ಅಳತೆಗೂ ತಾಳೆಯಿಲ್ಲ. ಟವರಿನ ಮೇಲೆ ಜೋಡಿ ಬಿಂಬವೇ ಕೂಡದಿದ್ದರೆ ಇನ್ನೊಂದು ಲೆನ್ಸ್ ಹಾಕಿ ನೋಡಿ. ಅದರಲ್ಲೂ ಕೂಡದಿದ್ದರೆ ಸರಿಮಾಡಬೇಕಾದದ್ದು ಬಾಡಿಯೊಳಗಿನ ರೋಲರನ್ನು, ಲೆನ್ಸನ್ನು ಬಿಚ್ಚಲು ಯಾರಿಗೂ ಕೊಡಬೇಡಿ.